ಕೌದಿಯ ದಾರ ಎಳೆಯುವ ಹಿಮ್ಮಡ

ನಮ್ಮ ಮನೆಯಲ್ಲಿ ಚಳಿಗಾಲ ಬಂತು ಅಂತ ಮೊದಲು ಹೇಳೋದು ಕೌದಿ. ದೀಪಾವಳಿ ಮುಗಿದು ಒಂದೆರಡು ವಾರ ಕಳೆದಿರುತ್ತದೆ. ರಾತ್ರಿ ಕಾಲು ಚಾಚಿದರೆ ಪರ್ರ್ ಅಂತ ಸಪ್ಪಳ. ಕೌದಿಯ ದಾರ ಹಿಮ್ಮಡದ ಒಡಕಿಗೆ ಸಿಕ್ಕಿರುತ್ತದೆ. "ಕೌದಿ ಹರೀಬ್ಯಾಡೋ, ಎದ್ದು ಕಾಲಿಗೆ ಎಣ್ಣಿ ಹಚ್ಚಿಕೋ" ಅಂತ ಅವ್ವ ಕತ್ತಲಲ್ಲೇ ಬೈಯುತ್ತಿದ್ದಳು. ನಾನು ಎದ್ದು ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದೆ. ಬೆಳಿಗ್ಗೆ ಹಿಮ್ಮಡ ಮಿರಿಮಿರಿ ಮಿಂಚುತ್ತಿತ್ತು. ಒಡಕು ಮಾತ್ರ ಇದ್ದಲ್ಲೇ ಇರುತ್ತಿತ್ತು.

ಹೀಗೆ ಎಷ್ಟೋ ವರ್ಷ ನಡೆಯಿತು. ಎಣ್ಣೆಯದೇನೂ ತಪ್ಪಿರಲಿಲ್ಲ. ನಾನು ಅದನ್ನು ಹಚ್ಚುತ್ತಿದ್ದ ಹೊತ್ತು ತಪ್ಪಾಗಿತ್ತು.

ಅಮೆರಿಕದ ಬೋಸ್ಟನ್ನಿನಲ್ಲಿ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಇದ್ದರು. 1952ರಲ್ಲಿ ಅವರು ಒಂದು ಸರಳ ಪ್ರಯೋಗದ ವಿವರ ಪ್ರಕಟಿಸಿದರು. ಜಡ್ಡುಗಟ್ಟಿದ ಚರ್ಮದ ತುಂಡುಗಳನ್ನು ಒಣಗಿಸಿ ನೋಡಿದರು. ಅವು ಬಿರುಸಾಗಿ, ಬಗ್ಗಿಸಿದರೆ ಮುರಿಯುವಂತಾದವು. ಎಣ್ಣೆ-ಜಿಡ್ಡಿನಲ್ಲಿ ಇಟ್ಟರೂ ಮೆತ್ತಗಾಗಲಿಲ್ಲ. ನೀರು ಕುಡಿದಾಗ ಮಾತ್ರ ಬಗ್ಗತೊಡಗಿದವು. ಚರ್ಮದ ಮೇಲ್ಪದರ ಮೆತ್ತಗಿರಬೇಕಾದರೆ ಅದರಲ್ಲಿ ನೂರಕ್ಕೆ ಸುಮಾರು 10 ಪಾಲಾದರೂ ನೀರು ಇರಬೇಕು ಅಂತ ಅವರ ಲೆಕ್ಕ.

ನಮ್ಮ ಅಟ್ಟದ ಮೇಲಿನ ಹಪ್ಪಳವೂ ಇದನ್ನೇ ಹೇಳುತ್ತದೆ, ಅಲ್ವಾ? ಹಸಿ ಹಪ್ಪಳ ಬಟ್ಟೆಯ ಹಾಗೆ ಮಡಚುತ್ತದೆ. ಬಿಸಿಲಿಗೆ ಒಣಗಿದ್ದು ಪಟ್ಟಂತ ಮುರಿಯುತ್ತದೆ. ಒಣಗಿದ ಹಪ್ಪಳಕ್ಕೆ ಎಷ್ಟೇ ತಣ್ಣನೆಯ ಎಣ್ಣೆ ಸವರಿ, ಅದು ಮೆತ್ತಗಾಗದು. ನಾನು ದಿನಾ ರಾತ್ರಿ ಮಾಡುತ್ತಿದ್ದದ್ದು ಇದೇ ಕೆಲಸ.

ಹಾಗಾದರೆ ಎಣ್ಣೆ ಯಾಕೆ? ಇದನ್ನು ನನಗೆ ತಿಳಿಸಿದ್ದು ರೋಣದ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಮಾಡುವ ನಮ್ಮ ಕಾಕಾ. ಅವರು ಹಿಮ್ಮಡದ ಮಾತೇ ಆಡಿರಲಿಲ್ಲ. ಹಿಂಗಾರಿ ಜೋಳಕ್ಕೆ ಎಡಿ ಹೊಡೆಯುತ್ತಿದ್ದರು, ಅಂದರೆ ಸಾಲುಗಳ ನಡುವಿನ ಮಣ್ಣನ್ನು ಕುಂಟೆಯಿಂದ ಸಡಿಲಿಸುತ್ತಿದ್ದರು. ಕಳೆ ಅಷ್ಟಾಗಿ ಇರಲಿಲ್ಲ. ಮತ್ತೆ ಯಾಕೆ ಅಂತ ಕೇಳಿದೆ. "ಭೂಮಿ ಬಾಯಿ ಬಿಟ್ಟರ ಹಸಿ ಎಲ್ಲಾ ಹೋಗತೈತಿ. ಬಾಯಿ ಮುಚ್ಚಾಕ ಹತ್ತೇನಿ" ಅಂದರು. ಎರಿ ಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗಿದಾಗ ನೆಲ ಸೀಳುತ್ತದೆ. ಆ ಸೀಳಿನಿಂದ ಒಳಗಿನ ಹಸಿಯೂ ಆರುತ್ತದೆ. ಎಡಿ ಹೊಡೆದರೆ ಮೇಲಿನ ಪುಡಿಮಣ್ಣು ಸೀಳನ್ನು ತುಂಬಿ ಮುಚ್ಚಳದ ಹಾಗೆ ಕೂರುತ್ತದೆ. ಹಸಿ ಇರುವಾಗಲೇ ಎಡಿ ಹೊಡೆಯಬೇಕು. ಒಣಗಿ ಕಲ್ಲಾದ ಹೊಲದಲ್ಲಿ ಹೊಡೆದರೆ ಉಳಿಸೋದಕ್ಕೆ ಒಳಗೆ ಏನಿರುತ್ತದೆ?

ಎಣ್ಣೆ, ವ್ಯಾಸಲೀನ್, ತುಪ್ಪ, ಮೇಣ ಎಲ್ಲವೂ ಮುಚ್ಚಳಗಳು. ಇವುಗಳಲ್ಲಿ ಬಿಗಿಯಾದದ್ದು ವ್ಯಾಸಲೀನ್. ಅದು ಹುಟ್ಟಿದ್ದು ಅಮೆರಿಕದ ಕಚ್ಚಾ ಎಣ್ಣೆ ಬಾವಿಗಳ ಹತ್ತಿರ. ಯಂತ್ರಕ್ಕೆ ಅಂಟುತ್ತಿದ್ದ ಮೇಣದಂಥ ಗಸಿಯನ್ನು ಕೆಲಸಗಾರರು ಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡಿದ ರಾಬರ್ಟ್ ಚೀಸ್‌ಬ್ರೋ ಶುದ್ಧ ಮಾಡಿ 1872ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ಯಾವ ಪೌಷ್ಟಿಕಾಂಶವೂ ಇಲ್ಲ. ಸುಮ್ನೆ ಮುಚ್ಚುತ್ತದೆ, ಅಷ್ಟೇ. ಆದರೆ ಆ ಕೆಲಸವನ್ನು ಅದರಷ್ಟು ಚೆನ್ನಾಗಿ ಮಾಡುವುದು ಕಡಿಮೆ.

ಇನ್ನು ಹಿಮ್ಮಡಕ್ಕೇ ಯಾಕೆ ಈ ಪಾಡು? ಮೈಮೇಲೆ ಬಹುತೇಕ ಎಲ್ಲ ಕಡೆ ಎಣ್ಣೆ ಗ್ರಂಥಿಗಳಿವೆ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ. ಬೆವರು ಗ್ರಂಥಿಗಳೇನೋ ಧಾರಾಳ. ಅಂದರೆ ನೀರು ಇದೆ, ಮುಚ್ಚಳ ಇಲ್ಲ. ಅದರ ಮೇಲೆ ಚರ್ಮವೂ ದಪ್ಪ. ಕಣ್ಣರೆಪ್ಪೆಯ ಮೇಲ್ಚರ್ಮ ಸುಮಾರು 0.05 ಮಿಲಿಮೀಟರ್ ಇದ್ದರೆ ಅಂಗಾಲಿನದು 1.5 ಮಿಲಿಮೀಟರ್ ವರೆಗೂ ಇರುತ್ತದೆ.

ಹಿಮ್ಮಡದ ಎಲುಬಿನ ಕೆಳಗೆ ಕೊಬ್ಬಿನ ಒಂದು ಮೆತ್ತೆ ಇದೆ. ನಿಂತಾಗ ಅದು ಅಮುಕಿ ಪಕ್ಕಕ್ಕೆ ಹರಡುತ್ತದೆ. ಮೆತ್ತಗಿನ ಚರ್ಮ ಅದರ ಜೊತೆ ಹಿಗ್ಗುತ್ತದೆ. ಬಿರುಸಾದ ಚರ್ಮ ಹಿಗ್ಗಲಾರದೆ ಅಂಚಿನಲ್ಲಿ ಸೀಳುತ್ತದೆ. ಒಡಕುಗಳು ನಡುವೆ ಬಾರದೆ ಹಿಮ್ಮಡದ ಸುತ್ತ ಅಂಚಿಗೇ ಸಾಲಾಗಿ ಮೂಡುವುದು ಇದಕ್ಕೇ. ಹಿಂದೆ ತೆರೆದ ಹವಾಯಿ ಚಪ್ಪಲಿಯಲ್ಲಿ ಮೆತ್ತೆಯನ್ನು ಹಿಡಿದಿಡಲು ಏನೂ ಇರುವುದಿಲ್ಲ. ಇಡೀ ದಿನ ಫರಸಿ ಮೇಲೆ ಬರಿಗಾಲಲ್ಲಿ ನಿಂತು ರೊಟ್ಟಿ ಬಡಿಯುವವರಿಗೆ, ಅಂಗಡಿಯಲ್ಲಿ ನಿಂತೇ ದುಡಿಯುವವರಿಗೆ, ಮೈಭಾರ ಜಾಸ್ತಿ ಇರುವವರಿಗೆ, ಬಸುರಿಯರಿಗೆ ಇದು ಬೇಗ ಬರುತ್ತದೆ.

ಇದರಲ್ಲೊಂದು ವಿಷಚಕ್ರವೂ ಇದೆ. ಚರ್ಮದ ಸತ್ತ ಜೀವಕೋಶಗಳು ದಿನಾ ಉದುರುತ್ತಿರಬೇಕು. ಅವುಗಳ ನಡುವಿನ ಅಂಟನ್ನು ಬಿಡಿಸಲು ಕಿಣ್ವಗಳಿವೆ. ಆ ಕಿಣ್ವಗಳು ಕೆಲಸ ಮಾಡಲು ನೀರು ಬೇಕು. ಚರ್ಮ ಒಣಗಿತೋ, ಅಂಟು ಬಿಡುವುದಿಲ್ಲ. ಸತ್ತ ಪದರ ಉದುರದೆ ಮೇಲೆ ಮೇಲೆ ಕೂಡುತ್ತದೆ. ಪದರ ದಪ್ಪವಾದಷ್ಟೂ ಬಿರುಸು, ಬಿರುಸಾದಷ್ಟೂ ಒಡಕು, ಒಡೆದಷ್ಟೂ ಒಣಗುವುದು ಜಾಸ್ತಿ. ಮಳೆ ಬಂದರೆ ಎರಿ ಹೊಲ ತಾನೇ ಕೂಡಿಕೊಳ್ಳುತ್ತದೆ. ಹಿಮ್ಮಡ ಹಾಗಲ್ಲ, ಅದರ ಮೇಲೆ ನಾವು ದಿನವಿಡೀ ನಡೆಯುತ್ತಿರುತ್ತೇವೆ.

ಮೇಲ್ಚರ್ಮದಲ್ಲಿ ರಕ್ತನಾಳಗಳಿಲ್ಲ. ಅದರ ಸತ್ತ ಪದರದಲ್ಲಿ ನರಗಳೂ ಇಲ್ಲ. ಹಾಗಾಗಿ ಸೀಳು ಮೇಲೆ ಮೇಲೆ ಇರುವ ತನಕ ನೋವೂ ಇಲ್ಲ, ರಕ್ತವೂ ಇಲ್ಲ. ನಾವೂ ಅಷ್ಟಾಗಿ ಗಮನಿಸುವುದಿಲ್ಲ. ರಕ್ತ ಜಿನುಗಿದರೆ ಸೀಳು ಕೆಳಗಿನ ಪದರಕ್ಕೆ ಇಳಿದಿದೆ ಅಂತ ಅರ್ಥ.

ನನ್ನನ್ನು ಬಹಳ ದಿನ ಕಾಡಿದ ಒಂದು ಪ್ರಶ್ನೆ ಇತ್ತು. ನೀರೇ ಮದ್ದು ಅನ್ನೋದಾದರೆ, ದಿನವಿಡೀ ನೀರಲ್ಲಿ ನಿಂತು ಬಟ್ಟೆ ಒಗೆಯುವವರ, ಮುಸುರೆ ತಿಕ್ಕುವವರ ಕಾಲು ಎಲ್ಲರಿಗಿಂತ ಜಾಸ್ತಿ ಒಡೆಯುವುದು ಯಾಕೆ? ಚರ್ಮದಲ್ಲಿ ನೀರನ್ನು ಹಿಡಿದಿಡುವ ಕೆಲವು ಪದಾರ್ಥಗಳಿವೆ. ಅಮೈನೋ ಆಮ್ಲಗಳು, ಲ್ಯಾಕ್ಟಿಕ್ ಆಮ್ಲ, ಯೂರಿಯಾ ಇಂಥವು. ಇವೆಲ್ಲ ನೀರಲ್ಲಿ ಕರಗುತ್ತವೆ. ಗಂಟೆಗಟ್ಟಲೆ ನೆನೆದರೆ ಕರಗಿ ಹೋಗುತ್ತವೆ. ಸೋಪಿನ ಪುಡಿ ಇರುವ ಅಲ್ಪಸ್ವಲ್ಪ ಜಿಡ್ಡನ್ನೂ ತೊಳೆಯುತ್ತದೆ. ಆಮೇಲೆ ಕಾಲು ಒಣಗಿದಾಗ ಮೊದಲಿಗಿಂತ ಒಣ. ಹಂಡೆಯಿಂದ ಕುದಿಯುವ ನೀರು ತೋಡಿಕೊಂಡು ಅರ್ಧ ಗಂಟೆ ಸ್ನಾನ ಮಾಡುವವರದೂ ಇದೇ ಕಥೆ. ಚಳಿಯಲ್ಲಿ ಅದರ ಸುಖ ನನಗೂ ಗೊತ್ತು, ಬಿಡಿ ಅಂತ ಹೇಳುವ ಧೈರ್ಯ ಇಲ್ಲ.

ಹೀಗಾಗಿ ಈಗ ನಾನು ಮಾಡುವುದು ಇಷ್ಟು. ಮಲಗುವ ಮುಂಚೆ ಉಗುರು ಬೆಚ್ಚಗಿನ ನೀರಲ್ಲಿ ಹತ್ತು ಹದಿನೈದು ನಿಮಿಷ ಕಾಲಿಡುತ್ತೇನೆ. ನೀರಿಗೆ ಉಪ್ಪಿಲ್ಲ, ನಿಂಬೆಹಣ್ಣಿಲ್ಲ, ಸೋಡಾ ಅಂತೂ ಇಲ್ಲವೇ ಇಲ್ಲ. ಒಡೆದ ಕಾಲಿಗೆ ಇವು ಉರಿ ತರುತ್ತವೆ. ದಪ್ಪಗಾದ ಕಡೆ ಕಾಲು ತಿಕ್ಕುವ ಕಲ್ಲಿನಿಂದ ಹಗುರಾಗಿ, ಒಂದೇ ದಿಕ್ಕಿಗೆ ತಿಕ್ಕುತ್ತೇನೆ. ಅದೂ ವಾರಕ್ಕೆರಡು ಸಲ. ಜೋರು ಮಾಡಿದರೆ ಚರ್ಮ ಸಿಟ್ಟಿಗೆದ್ದು ಇನ್ನೂ ದಪ್ಪ ಬೆಳೆಯುತ್ತದೆ. ಬ್ಲೇಡಿನಿಂದ ಹೆರೆಯುವುದನ್ನು ಚಟದಂತೆ ಮಾಡುವವರಿದ್ದಾರೆ, ದಯವಿಟ್ಟು ಬೇಡ. ಕಾಲನ್ನು ಒತ್ತಿ ಒರೆಸಿ, ಪಸೆ ಇರುವಾಗಲೇ, ಅಂದರೆ ಎರಡು ಮೂರು ನಿಮಿಷದೊಳಗೆ ಮುಲಾಮು ಹಚ್ಚಿ ಹತ್ತಿಯ ಕಾಲುಚೀಲ ಹಾಕುತ್ತೇನೆ. ಕಾಲುಚೀಲ ಮುಲಾಮನ್ನು ಉಳಿಸುತ್ತದೆ, ಕೌದಿಯನ್ನೂ ಉಳಿಸುತ್ತದೆ. ಎಣ್ಣೆಗಾಲಲ್ಲಿ ಫರಸಿ ಮೇಲೆ ನಡೆದು ಜಾರಿ ಬೀಳುವುದು ಬೇರೆ ತಪ್ಪುತ್ತದೆ. ಬೆಳಿಗ್ಗೆ ಸ್ನಾನ ಆದ ಕೂಡಲೇ ಇನ್ನೊಂದು ಸಲ ಹಚ್ಚಿದರೆ ಆಯಿತು.

ಮುಲಾಮು ಯಾವುದು? ಮನೆಯ ಕೊಬ್ಬರಿ ಎಣ್ಣೆ, ಕುಸುಬಿ ಎಣ್ಣೆ, ವ್ಯಾಸಲೀನ್ ಯಾವುದಾದರೂ ಸಣ್ಣ ಒಡಕಿಗೆ ಸಾಕು. ದಪ್ಪಗೆ ಜಡ್ಡುಗಟ್ಟಿದ್ದರೆ ಔಷಧಿ ಅಂಗಡಿಯಲ್ಲಿ ಯೂರಿಯಾ ಕ್ರೀಮ್ ಕೇಳಿ. ಹೌದು, ಹೊಲಕ್ಕೆ ಹಾಕುವ ಗೊಬ್ಬರದ ಅದೇ ಯೂರಿಯಾ. ಚೀಲದಿಂದ ಒಂದು ಹಿಡಿ ತಂದು ಕಲಸೋಣ ಅಂತ ಮಾತ್ರ ಹೊರಡಬೇಡಿ. ಅದು ಬೆಳೆಗೆ ಮಾಡಿದ್ದು, ಬೇವಿನೆಣ್ಣೆ ಲೇಪಿಸಿದ್ದು. ಕ್ರೀಮಿನಲ್ಲಿ ಶೇಕಡಾ 10ರಷ್ಟು ಯೂರಿಯಾ ಇದ್ದರೆ ಅದು ನೀರು ಹಿಡಿದಿಡುತ್ತದೆ. 20ರ ಮೇಲೆ ಹೋದರೆ ಸತ್ತ ಪದರದ ಹಿಡಿತವನ್ನೂ ಸಡಿಲಿಸುತ್ತದೆ. 40ರದ್ದು ವೈದ್ಯರು ಹೇಳಿದರೆ ಮಾತ್ರ. ರಕ್ತ ಬರುವ ಒಡಕಿಗೆ ಯೂರಿಯಾ ತಗಲಿದರೆ ಚುರ್ ಅನ್ನುತ್ತದೆ. ಅದು ಕೂಡುವ ತನಕ ವ್ಯಾಸಲೀನ್ ಸಾಕು.

ಚುರ್ ಅನ್ನುವ ಮಾತಿಗೆ ನಮ್ಮ ಚಿಗವ್ವ ನೆನಪಾಗುತ್ತಾಳೆ. ಅವಳು ಬ್ಯಾಡಗಿಯವಳು. ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ. ಕಾಯಿ ರಾಶಿ, ಪುಡಿ, ಬೀಜ, ನಡುವೆ ಒಡೆದ ಬರಿಗಾಲು. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಆದರೆ ಸೀಳಿನೊಳಗೆ ಹೊಕ್ಕ ಖಾರಕ್ಕೆ ಹೆಚ್ಚು ಕಡಿಮೆ ಇಲ್ಲ. ಕಾಯಿಯಲ್ಲಿನ ಕ್ಯಾಪ್ಸೈಸಿನ್ ನರದ ತುದಿಯಲ್ಲಿರುವ, ಬಿಸಿಯನ್ನು ಗುರುತಿಸುವ ಬಾಗಿಲನ್ನೇ ತಟ್ಟುತ್ತದೆ. ಕಾಲು ಸುಡುತ್ತಿದೆ ಅಂತಲೇ ಮಿದುಳು ತಿಳಿಯುತ್ತದೆ. ಈ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ಯಾಪ್ಸೈಸಿನ್ ನೀರಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಬರೀ ನೀರು ಸುರಿದು ಒದ್ದಾಡುವ ಬದಲು ಮೊದಲು ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸಾಬೂನಿನಿಂದ ತೊಳೆಯಬೇಕು. ಚಿಗವ್ವ ಈಗ ಕಾಲುಚೀಲ ಹಾಕಿಕೊಂಡು ಹೋಗುತ್ತಾಳೆ. "ಸಾಲಿಗೆ ಹೊಂಟೀಯೇನವಾ" ಅಂತ ಜೊತೆಯವರು ನಗುತ್ತಾರಂತೆ.

ಎಲ್ಲ ಒಡಕೂ ಒಣ ಚರ್ಮದ್ದೇ ಅಲ್ಲ. ಅಂಗಾಲು ಪೂರ್ತಿ ಹಿಟ್ಟು ಉದುರಿದಂತೆ ಬಿಳಿಚಿದ್ದರೆ, ಬೆರಳ ಸಂದಿಯಲ್ಲಿ ತುರಿಕೆ ಇದ್ದರೆ, ಅದು ಹುಳುಕಡ್ಡಿಯ ಜಾತಿಯ ಶಿಲೀಂಧ್ರ ಇರಬಹುದು. ಆಗ ಯಾರೋ ಕೊಟ್ಟ ನಾಲ್ಕು ಔಷಧಿ ಕಲಸಿದ ಟ್ಯೂಬ್ ಹಚ್ಚಬೇಡಿ. ಅಂಥವುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ತುರಿಕೆ ತಗ್ಗಿ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಸೋರಿಯಾಸಿಸ್, ಥೈರಾಯ್ಡ್ ಕೊರತೆ ಕೂಡ ಹಿಮ್ಮಡದಲ್ಲೇ ಮೊದಲು ಕಾಣಬಹುದು. ತಿಂಗಳು ಆರೈಕೆ ಮಾಡಿಯೂ ಬಗ್ಗದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇದ್ದವರ ಮಾತೇ ಬೇರೆ. ಅವರಿಗೆ ಕಾಲಿನ ನರ ಮಂದವಾಗಿದ್ದರೆ ಆಳದ ಸೀಳೂ ನೋಯುವುದಿಲ್ಲ. ಬಿಸಿ ನೀರಿನ ಬಿಸಿಯೂ ತಿಳಿಯುವುದಿಲ್ಲ. ಕಾಲನ್ನು ನೆನೆಸಿಡುವುದು, ಕಲ್ಲಿನಿಂದ ತಿಕ್ಕುವುದು, ಕಾಯಿಸಿದ ಮೇಣ ತುಂಬುವುದು ಅವರಿಗೆ ಸಲ್ಲ. ದಿನಾ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಗೆ ತೋರಿಸಬೇಕು. ಕೆಂಪು, ಬಾವು, ಕೀವು ಕಂಡರೆ ನಾಳೆಗೆ ಅಂತ ಇಡದೆ ಆ ದಿನವೇ ಆಸ್ಪತ್ರೆ.

ಅಂಗಾಲಿನ ದಪ್ಪ ಪದರ ಬದಲಾಗಲು ವಾರಗಳೇ ಬೇಕು. ಮೂರು ದಿನಕ್ಕೆ ಫಲ ಕಾಣದೆ ಡಬ್ಬಿ ಎಸೆಯುವವರೇ ಜಾಸ್ತಿ. ನನಗೆ ಈ ಸಲ ಮೂರನೇ ವಾರಕ್ಕೆ ಕೌದಿಯ ಸಪ್ಪಳ ನಿಂತಿತು. ಎಡಗಾಲಿನ ಹೊರ ಅಂಚಿನಲ್ಲಿ ಮಾತ್ರ ಒಂದು ಗೀರು ಇನ್ನೂ ಉಳಿದಿದೆ. ಚಪ್ಪಲಿ ತಿರುವಿ ನೋಡಿದೆ. ಅದೂ ಅದೇ ಕಡೆಗೇ ಸವೆದಿದೆ.