ಪದ ಪರಿಚಯ: ಟ್ರೂ ಲವರ್ಸ್ ನಾಟ್

ಎರಡು ಗಂಟುಗಳನ್ನು ಒಂದರೊಳಗೊಂದು ಹೆಣೆದು ಬಿಗಿದರೆ ಆಗುವ ಗಂಟಿಗೆ ಇಂಗ್ಲೆಂಡಿನ ಜನ ‘ಟ್ರೂ ಲವರ್ಸ್ ನಾಟ್’ ಎನ್ನುತ್ತಾರೆ. ನಿಜ ಪ್ರೇಮಿಗಳ ಗಂಟು. ನಮ್ಮಲ್ಲೂ ಮದುವೆ ಅಂದರೆ ಮೂರು ಗಂಟು ತಾನೇ? ಆದರೆ ಇಲ್ಲಿ ಹೇಳಹೊರಟಿದ್ದು ಅದೇ ಹೆಸರಿನ, ಯೂರೋಪಿನ ಒಂದು ಪುಟ್ಟ ಪತಂಗದ ವಿಷಯ.

ರೆಕ್ಕೆ ಬಿಚ್ಚಿದರೆ ಸುಮಾರು 3 ಸೆಂಟಿಮೀಟರ್, ಅಷ್ಟೇ. ದೂರದಿಂದ ಸುಮ್ನೆ ಒಂದು ಕಂದು ಹುಳ. ಹತ್ತಿರದಿಂದಲೇ ನೋಡಬೇಕು. ಮುಂದಿನ ರೆಕ್ಕೆಗೆ ಇಟ್ಟಿಗೆಗೆಂಪು ಬೆರೆತ ಕಂದು ಬಣ್ಣ. ನಡುವೆ ಒಂದು ದುಂಡು ಮಚ್ಚೆ, ಪಕ್ಕದಲ್ಲಿ ಗೋಡಂಬಿಯಂತೆ ಬಾಗಿದ ಇನ್ನೊಂದು. ಬಿಳಿ ಗೆರೆಗಳು, ಕಪ್ಪು ಗೀರುಗಳು ಇವನ್ನು ಸುತ್ತಿಕೊಂಡು ದಾರ ಹೆಣೆದಂತೆ ಕಾಣುತ್ತವೆ. ಗಂಟು ಅಂದದ್ದು ಇದಕ್ಕೇ. ಎಷ್ಟು ಚಂದದ ಹೆಸರು, ಅಲ್ವಾ? ವಿಜ್ಞಾನದ ಹೆಸರು ಲೈಕೋಫೋಟಿಯಾ ಪಾರ್ಫೈರಿಯಾ. ‘ಪಾರ್ಫೈರಿಯಾ’ ಅಂದರೆ ಕೆನ್ನೇರಳೆ ಬಣ್ಣದ್ದು. 1775ರಲ್ಲಿ ವಿಯೆನ್ನಾದ ಡೆನಿಸ್ ಮತ್ತು ಶಿಫರ್‌ಮ್ಯುಲರ್ ಇಟ್ಟದ್ದು.

ಈ ಪತಂಗದ ಬದುಕೆಲ್ಲ ಹೀದರ್ ಗಿಡದ ಸುತ್ತಲೇ. ಮರಳು ಮಿಶ್ರಿತ, ಸತ್ವವಿಲ್ಲದ ಹುಳಿ ಮಣ್ಣಿನ ಬಯಲಿಗೆ ಅಲ್ಲಿ ‘ಹೀತ್’ ಎನ್ನುತ್ತಾರೆ. ಬೇರೆ ಗಿಡಗಳು ಸೊರಗುವ ಈ ನೆಲದಲ್ಲಿ ಮೊಣಕಾಲೆತ್ತರದ ಹೀದರ್ ದಟ್ಟವಾಗಿ ಹಬ್ಬಿ, ಬೇಸಿಗೆ ಮುಗಿಯುವ ಹೊತ್ತಿಗೆ ನೇರಳೆ ಹೂ ಬಿಡುತ್ತದೆ. ಅದರ ಕಡ್ಡಿಗಳಿಂದ ಹಿಂದೆ ಪೊರಕೆ ಕಟ್ಟುತ್ತಿದ್ದರು. ಗಿಡದ ‘ಕಲೂನಾ’ ಎಂಬ ಹೆಸರು ಬಂದದ್ದೂ ಗುಡಿಸು ಎಂಬ ಅರ್ಥದ ಗ್ರೀಕ್ ಪದದಿಂದ.

ಪತಂಗ ಹಾರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಜಾಸ್ತಿ ಓಡಾಟ ರಾತ್ರಿ. ದೀಪದ ಬೆಳಕಿಗೂ ಬರುತ್ತದೆ. ಬಿಸಿಲಿದ್ದರೆ ಹಗಲಲ್ಲೂ ಹೀದರ್ ಹೂಗಳ ಮೇಲೆ ಸಿಗುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳು ಹೀದರ್ ಎಲೆ ತಿಂದು ಬೆಳೆಯುತ್ತದೆ. ಚಳಿಗಾಲವನ್ನು ಮರಿಹುಳುವಾಗಿಯೇ ಕಳೆದು, ವಸಂತದಲ್ಲಿ ಮತ್ತೆ ಮೇಯಲು ಶುರುಮಾಡುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ.

ಬ್ರಿಟನ್ನಿನಲ್ಲಿ ಹೀದರ್ ಇರುವ ಕಡೆ ಈ ಪತಂಗ ಈಗಲೂ ಧಾರಾಳವಾಗಿ ಸಿಗುತ್ತದೆ. ನನ್ನ ಚಿಂತೆ ಆ ಬಯಲಿನದು. 1800ರಿಂದ ಈಚೆಗೆ ಅಲ್ಲಿನ ತಗ್ಗು ಪ್ರದೇಶದ ಹೀತ್‌ನಲ್ಲಿ 80%ಕ್ಕೂ ಹೆಚ್ಚು ಭಾಗ ಹೊಲ, ನೆಡುತೋಪು, ಮನೆಗಳ ಪಾಲಾಗಿದೆ. ಉಳಿದದ್ದನ್ನು ಸುಮ್ಮನೆ ಬಿಟ್ಟರೂ ಉಳಿಯುವುದಿಲ್ಲ. ಬರ್ಚ್, ಪೈನ್ ಸಸಿಗಳು ಎದ್ದು ಹೀದರ್ ಮೇಲೆ ನೆರಳು ಕವಿಯುತ್ತದೆ. ಜನ ದನ ಮೇಯಿಸಿ, ಉರುವಲಿಗೆ ಗಿಡ ಕಡಿದು ನೂರಾರು ವರ್ಷ ಕಾಪಾಡಿಕೊಂಡು ಬಂದ ಬಯಲು ಅದು. ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಇವತ್ತಿಗೂ ಊರವರ ಕುದುರೆ, ದನಗಳು ಹೀದರ್ ನಡುವೆ ಮೇಯುತ್ತಾ, ಎದ್ದ ಸಸಿಗಳ ಚಿಗುರನ್ನು ಕಡಿದು ಹಾಕುತ್ತವೆ.