ಡೆಸ್ಕ್‌ಟಾಪ್ ಎಲ್ಲಿ ಇಡುತ್ತೀರಿ?

ಹೊಸ ಕಂಪ್ಯೂಟರ್ ಜೋಡಿಸಿಕೊಡಿ ಎಂದು ಬಂದವರನ್ನು ನಾನು ಮೊದಲು ಕೇಳುವುದು ಬಜೆಟ್ ಅಲ್ಲ. ಯಾವ ಕೋಣೆಯಲ್ಲಿ ಇಡುತ್ತೀರಿ, ರೂಟರ್ ಎಲ್ಲಿದೆ ಎಂದು ಕೇಳುತ್ತೇನೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ತಂದ ಕೊಟೇಶನ್ ಅವರ ಕೈಯಲ್ಲಿರುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟಿನ ಫ್ಯಾನ್ ಎಲ್ಲ ಅದರಲ್ಲಿ ಇರುತ್ತವೆ. ನೆಟ್ ವೈರಿನ ಸುದ್ದಿಯೇ ಇರುವುದಿಲ್ಲ.

ಒಮ್ಮೆ ಒಬ್ಬ ವಿದ್ಯಾರ್ಥಿಗೆ ಒಳ್ಳೆಯ ಮೆಷಿನ್ ಜೋಡಿಸಿಕೊಟ್ಟೆ. ವಾರದಲ್ಲೇ ಫೋನ್ ಬಂತು, ನೆಟ್ ನಿಧಾನ ಅಂತ. ಮನೆಯಲ್ಲಿ 300 ಎಂಬಿಪಿಎಸ್ ಪ್ಲ್ಯಾನ್ ಇತ್ತು. ಎಷ್ಟು ಸಲ ಪರೀಕ್ಷೆ ಮಾಡಿದರೂ 94ರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಆ ಸಂಖ್ಯೆ ನೋಡಿದ ಕೂಡಲೇ ಕೇಬಲ್ಲಿನ ತುದಿ ಬಿಚ್ಚಿದೆ. ಎಂಟು ಎಳೆಗಳಲ್ಲಿ ನಾಲ್ಕನ್ನು ಮಾತ್ರ ಕನೆಕ್ಟರ್‌ನೊಳಗೆ ಒತ್ತಿ ಕೂರಿಸಿದ್ದರು. ನಾಲ್ಕು ಎಳೆಯಲ್ಲಿ 100 ಎಂಬಿಪಿಎಸ್ ವೇಗವಷ್ಟೇ ಸಾಗುತ್ತದೆ, ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ಎಂಟೂ ಬೇಕು. ಎರಡೂ ತುದಿಗೆ ಹೊಸ ಕನೆಕ್ಟರ್ ಹಾಕಿದೆ, ಪೂರ್ತಿ ವೇಗ ಬಂತು. ಆ ಹುಡುಗ ಅಷ್ಟರಲ್ಲಿ ಮದರ್‌ಬೋರ್ಡ್ ಬದಲಿಸಲು ಹೊರಟಿದ್ದ!

ವೈಫೈ ಸಾಕಲ್ವಾ ಎನ್ನುತ್ತಾರೆ. ಲ್ಯಾಪ್‌ಟಾಪ್ ಆದರೆ ಎತ್ತಿಕೊಂಡು ರೂಟರ್ ಹತ್ತಿರ ಹೋಗಬಹುದು. ಡೆಸ್ಕ್‌ಟಾಪ್ ಇಟ್ಟಲ್ಲೇ ಇರುತ್ತದೆ. ವೈಫೈಯ ವೇಗದ 5 ಗಿಗಾಹರ್ಟ್ಸ್ ಸಿಗ್ನಲ್‌ಗೆ ಗೋಡೆ ದಾಟುವುದು ಕಷ್ಟ, ಅದರಲ್ಲೂ ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆಯಾದರೆ ಕೇಳುವುದೇ ಬೇಡ. ವೈಫೈಯೇ ಗತಿ ಎಂದಾದರೆ ಬೋರ್ಡಿನ ಜೊತೆ ಬಂದ ಆಂಟೆನಾವನ್ನು ಮರೆಯದೆ ಹಾಕಿ. ಅದು ಡಬ್ಬಿಯಲ್ಲೇ ಉಳಿದಿರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಬಿಡಿಭಾಗಗಳಲ್ಲಿ ನಾನು ರಾಜಿ ಮಾಡಿಕೊಳ್ಳದ್ದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವುದನ್ನು ನಂಬಬೇಡಿ. ಅದು ಸುಟ್ಟರೆ ತಾನೊಂದೇ ಸುಡುತ್ತದೆ ಎಂಬ ಖಾತ್ರಿಯಿಲ್ಲ. ಎಸ್‌ಎಂಪಿಎಸ್ ಮೇಲಿನ 80 ಪ್ಲಸ್ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ಬಾಳಿಕೆಯನ್ನಲ್ಲ. ಹಾಗಾಗಿ ವಾರಂಟಿ ಎಷ್ಟು ವರ್ಷ ಎಂದೂ ನೋಡಿ. ಗ್ರಾಫಿಕ್ಸ್ ಕಾರ್ಡ್ ಬೇಡ ಅನ್ನುವವರು ಇಂಟೆಲ್ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ಗಮನಿಸಿ. 12400ರಲ್ಲಿ ಗ್ರಾಫಿಕ್ಸ್ ಒಳಗೇ ಇದೆ, 12400ಎಫ್‌ನಲ್ಲಿ ಇಲ್ಲ. ಸ್ವಲ್ಪ ಅಗ್ಗ ಎಂದು ಎಫ್ ತಂದು, ಕಾರ್ಡ್ ಇಲ್ಲದೆ ಆನ್ ಮಾಡಿದರೆ ಪರದೆ ಕಪ್ಪಾಗೇ ಇರುತ್ತದೆ. 16 ಜಿಬಿ ರ‍್ಯಾಮ್ ಬೇಕಿದ್ದರೆ 8ರ ಎರಡು ಕಡ್ಡಿ ತಗೊಳ್ಳಿ. ಒಳಗಿನ ಗ್ರಾಫಿಕ್ಸ್‌ಗೆ ಅದರಿಂದ ಜಾಸ್ತಿ ಅನುಕೂಲ.

ಬೋರ್ಡಿನಲ್ಲಿ 2.5 ಗಿಗಾಬಿಟ್ ಪೋರ್ಟ್ ಇದೆ ಎಂದು ಹೆಚ್ಚು ದುಡ್ಡು ಕೊಡಬೇಡಿ. 300ರ ಪ್ಲ್ಯಾನ್‌ಗೆ ಸಾಮಾನ್ಯ ಗಿಗಾಬಿಟ್ ಪೋರ್ಟ್ ಧಾರಾಳ. ಆ ದುಡ್ಡಿನಲ್ಲಿ ಶುದ್ಧ ತಾಮ್ರದ ಕ್ಯಾಟ್ 6 ನೆಟ್ ಕೇಬಲ್ ತನ್ನಿ. ಕೆಲವು ಅಗ್ಗದ ಕೇಬಲ್‌ಗಳ ಒಳಗೆ ಅಲ್ಯೂಮಿನಿಯಂ ಇರುತ್ತದೆ, ತಾಮ್ರ ಮೇಲಿನ ಲೇಪ ಮಾತ್ರ.

ಮನೆ ಕಟ್ಟಿಸುತ್ತಿದ್ದರೆ ಪ್ಲಾಸ್ಟರ್ ಆಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ರೂಟರ್ ಜಾಗದಿಂದ ಓದುವ ಕೋಣೆಗೆ, ಕರೆಂಟಿನ ಪೈಪಿನಿಂದ ದೂರವಾಗಿ, ಬೇರೆಯೇ ಒಂದು ಪೈಪ್ ಹಾಕಲಿ. ಒಳಗೆ ಒಂದು ಗಟ್ಟಿ ದಾರ ಬಿಟ್ಟರೆ ಕೇಬಲ್ ಯಾವಾಗ ಬೇಕಾದರೂ ಎಳೆದುಕೊಳ್ಳಬಹುದು.