‘ಏನನ್ನು?’ ಎಂದು ಕೇಳದೆ ಬರೆಯುವ ‘ವಾಸ್’

ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕನಾಗಿ ನಾನು ತಿದ್ದುವ ಉತ್ತರ ಪತ್ರಿಕೆಗಳಲ್ಲಿ ಪ್ಯಾಸಿವ್ ವಾಯ್ಸ್‌ನ (ಕರ್ಮಣಿ ಪ್ರಯೋಗದ) ಸೂತ್ರ ತಪ್ಪುವುದು ಕಡಿಮೆ. ಕರ್ಮಪದವನ್ನು ಮುಂದಕ್ಕೆ ತಂದು, ಕಾಲಕ್ಕೆ ತಕ್ಕ ‘ಈಸ್’, ‘ವಾಸ್’ ಹಾಕಿ, ಪಾಸ್ಟ್ ಪಾರ್ಟಿಸಿಪಲ್ (ಕ್ರಿಯಾಪದದ ಮೂರನೆಯ ರೂಪ) ಸೇರಿಸುವುದನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಆದರೆ ಆ ಪ್ರಶ್ನೆಗೆ ಪೂರ್ಣ ಅಂಕ ಪಡೆದ ವಿದ್ಯಾರ್ಥಿಯೇ ಮುಂದಿನ ಪುಟದ ಪ್ರಬಂಧದಲ್ಲಿ ‘ಆನ್ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎಂದು ಬರೆದಿರುತ್ತಾನೆ. ಪದವಿ ಮುಗಿಸಿದವರ ಅರ್ಜಿಗಳಲ್ಲೂ ಇದೇ ‘ವಾಸ್’ ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕರ್ಮಣಿ ಪ್ರಯೋಗವಾಗಬೇಕಾದರೆ ಮೊದಲು ಕರ್ಮವಿರಬೇಕು. ಸಕರ್ಮಕ, ಅಕರ್ಮಕ ಧಾತುಗಳನ್ನು ಗುರುತಿಸಲು ಕನ್ನಡ ತರಗತಿಯಲ್ಲಿ ‘ಏನನ್ನು?’, ‘ಯಾರನ್ನು?’ ಎಂದು ಕೇಳಿಕೊಳ್ಳುವುದನ್ನು ಕಲಿಸಿರುತ್ತಾರೆ. ಇಲ್ಲಿ ಬೇಕಾದದ್ದೂ ಅಷ್ಟೇ. ‘ಬರೆದನು’ ಎಂದರೆ ಏನನ್ನು? ಪತ್ರವನ್ನು. ಆದ್ದರಿಂದ ‘ದ ಲೆಟರ್ ವಾಸ್ ರಿಟನ್’ ಸರಿ. ‘ಸಂಭವಿಸಿತು’ ಎಂದರೆ ಏನನ್ನು? ಈ ಪ್ರಶ್ನೆಗೆ ಅರ್ಥವೇ ಇಲ್ಲ. ಹ್ಯಾಪನ್, ಅಕರ್, ಅರೈವ್, ಡೈ ಮೊದಲಾದವುಗಳಿಗೆ ಕರ್ಮಣಿ ರೂಪವಿಲ್ಲದಿರುವುದು ಇದೇ ಕಾರಣಕ್ಕೆ. ಹಾಗೆಂದು ಕರ್ಮವಿದ್ದ ವಾಕ್ಯಗಳೆಲ್ಲ ಕರ್ಮಣಿಗೆ ಒಗ್ಗುತ್ತವೆ ಎಂದು ಹೇಳಲಾರೆ; ‘ಐ ಹ್ಯಾವ್ ಎ ಹೌಸ್’ ಎಂಬುದನ್ನು ಹಾಗೆ ತಿರುಗಿಸಲು ಬರುವುದಿಲ್ಲ.

ಈ ತಪ್ಪಿಗೆ ನಮ್ಮ ಮಾತಿನ ಅಭ್ಯಾಸವೂ ಒಂದು ಕಾರಣವಿರಬಹುದು. ‘ಬಸ್ಸು ಬಂದಿದೆ’ ಎನ್ನುವಾಗಿನ ‘ಇದೆ’ಯನ್ನು ‘ಈಸ್’ ಎಂದೂ, ‘ಅಪಘಾತ ಆಗಿತ್ತು’ ಎನ್ನುವಾಗಿನ ‘ಇತ್ತು’ವನ್ನು ‘ವಾಸ್’ ಎಂದೂ ಮಕ್ಕಳು ಹಾಗೆಯೇ ಎತ್ತಿಡುತ್ತಾರೆ. ಆದರೆ ಅಲ್ಲಿ ಇಂಗ್ಲಿಷಿಗೆ ಬೇಕಾದದ್ದು ‘ಹ್ಯಾಸ್’, ‘ಹ್ಯಾಡ್’. ಇದಲ್ಲದೆ, ಮನೆಯಲ್ಲಿ ಯಾರೂ ‘ಅನ್ನ ನನ್ನಿಂದ ಉಣ್ಣಲ್ಪಟ್ಟಿತು’ ಎನ್ನುವುದಿಲ್ಲವಾದ್ದರಿಂದ, ಕರ್ಮಣಿ ವಾಕ್ಯ ಎಲ್ಲಿ ಸಹಜ, ಎಲ್ಲಿ ಅಸಹಜ ಎಂಬುದು ಮಕ್ಕಳ ಕಿವಿಗೆ ತಾನಾಗಿ ತಿಳಿಯುವುದಿಲ್ಲ.

ಕಳೆದ ವರ್ಷ ಹತ್ತನೆಯ ತರಗತಿಗೆ ಪ್ರೊಫೈಲ್ ಬರೆಯುವ ಅಭ್ಯಾಸಕ್ಕಾಗಿ ಕುವೆಂಪು ಅವರ ವಿವರಗಳನ್ನು ಕೊಟ್ಟಿದ್ದೆ. ಹುಡುಗಿಯೊಬ್ಬಳು ‘ಹಿ ವಾಸ್ ಬಾರ್ನ್ ಇನ್ 1904’ ಎಂದು ಸರಿಯಾಗಿ ಆರಂಭಿಸಿ, ಕೊನೆಯ ಸಾಲಿನಲ್ಲಿ ‘ಹಿ ವಾಸ್ ಡೈಡ್ ಇನ್ 1994’ ಎಂದು ಬರೆದಿದ್ದಳು. ತಪ್ಪು ತೋರಿಸಿದಾಗ ಅವಳು, “ಸರ್, ಹುಟ್ಟೋದಕ್ಕೆ ವಾಸ್ ಬೇಕು, ಸಾಯೋದಕ್ಕೆ ಯಾಕೆ ಬೇಡ?” ಎಂದು ಕೇಳಿದಳು. ಪುಸ್ತಕದ ಅಭ್ಯಾಸಗಳನ್ನೆಲ್ಲ ಮುಗಿಸಿದವರಲ್ಲೂ ಇಂತಹ ಪ್ರಶ್ನೆ ಕೇಳುವವರು ಅಪರೂಪ. ನನಗೆ ಬಹಳ ಸಂತೋಷವಾಯಿತು. ‘ಬಾರ್ನ್’ ಎಂಬುದು ‘ಬೇರ್’ ಧಾತುವಿನ ರೂಪ, ಅದಕ್ಕೆ ‘ಹೆರು’ ಎಂಬ ಅರ್ಥವಿದೆ ಎಂದು ವಿವರಿಸಿ, “ತಾಯಿ ಹೆತ್ತಳು, ಯಾರನ್ನು?” ಎಂದೆ.

“ಮಗುವನ್ನು, ಸರ್.”

“ತೀರಿಕೊಂಡರು, ಯಾರನ್ನು?”

ಅವಳು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದು, ಕೊನೆಯ ಸಾಲಿನ ‘ವಾಸ್’ ಅನ್ನು ತಾನೇ ಹೊಡೆದುಹಾಕಿದಳು.